ಬಿಳಿ ಗಡ್ಡದವನ ಮಾತು

ಗಜೇಂದ್ರಗಡದ ದಿಲಾವರನಿಗೆ ಆ ದಿನ ಬೆಳಿಗ್ಗೆ ಎಲ್ಲಿಲ್ಲದ ಶಿಸ್ತು ಬಂತು. ಮರ ಕೊಯ್ಯುವ ಪೆಟ್ರೋಲ್ ಗರಗಸವನ್ನು ಒರೆಸಿ ಸ್ವಚ್ಛ ಮಾಡೋಣವೆಂದು ಅದರ ಚೈನು ಬಿಚ್ಚಿದ. ಬಿಚ್ಚುವುದೇನೋ ಸಲೀಸಾಯಿತು. ತಿರುಗಿ ಹಾಕಲು ಹೋದರೆ, ಚೈನಿನ ಹಲ್ಲು ಯಾವ ದಿಕ್ಕಿಗಿದ್ದವು ಎಂಬುದೇ ನೆನಪಿಗೆ ಬರಲೊಲ್ಲದು.

ಬೇರೆ ದಿನವಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಅಂದೇ ಸಾವಕಾರ ಅಂದಾನೆಪ್ಪನವರ ಹಿತ್ತಲಿನ ಒಣ ಬೇವಿನಮರ ಉರುಳಿಸಬೇಕಿತ್ತು. "ಸಂಜಿಯೊಳಗ ಗಿಡ ನೆಲಕ್ಕ ಬಿದ್ರ, ಅಬ್ಬಿಗೇರಿ ಹೊಲದ ಬದುವಿನ ಜಾಲಿ ಕಡಿಯೂ ಕೆಲಸ ಎಲ್ಲಾ ನಿನಗ. ಇಲ್ಲಂದ್ರ ಕಟಗಿ ಕಡಿಯೂ ಹಾಲಸಿದ್ದಪ್ಪನ ಕೊಡ್ಲಿ ಐತಿ," ಎಂದು ಅವರು ಹೇಳಿಯಾಗಿತ್ತು. ಜಾಲಿ ಸಿಕ್ಕರೆ ವರ್ಷವಿಡೀ ಕೆಲಸ. ಸಿಗದಿದ್ದರೆ ಮಷೀನು ಅಟ್ಟಕ್ಕೆ, ದಿಲಾವರ ಹೆಂಡತಿಯ ಬಾಯಿಗೆ.

"ಮಷೀನ್ ಕೊಟ್ಟ ಅಂಗಡ್ಯಾಂವಗ ಒಂದ್ ಫೋನ್ ಹಚ್ಚರಿ," ಎಂದಳು ಹೆಂಡತಿ ಗುಲ್ಷನ.

"ಏ ಹುಚ್ಚಿ, ಒಬ್ಬಾಂವನ್ನ ಯಾಕ ಕೇಳ್ಲಿ? ಜಗತ್ತಿನ ಮಂದಿ ಎಲ್ಲಾ ಇಂಟರ್‌ನೆಟ್ಟಿನ್ಯಾಗ ಕುಂತಾರ!" ಎಂದವನೇ ದಿಲಾವರ ಹೊರಟ.

ಬಸ್‌ಸ್ಟ್ಯಾಂಡಿನ ಹತ್ತಿರ ಅಲ್ತಮಶನ ಸೈಬರ್ ಕೆಫೆ. ಗರಗಸದ ಹುಚ್ಚು ಹಿಡಿದ ದೇಶದೇಶದ ಜನ ಹರಟೆ ಹೊಡೆಯುವ ಒಂದು ತಾಣವನ್ನು ದಿಲಾವರ ಅಲ್ಲಿಯೇ ಪತ್ತೆ ಮಾಡಿದ್ದ. ಇವನು ಕನ್ನಡದಲ್ಲಿ ಹೇಳುವುದು, ಅಲ್ತಮಶ ಇಂಗ್ಲಿಷಿನಲ್ಲಿ ಬಡಿಯುವುದು. ಮಷೀನು ಕೈಗೆ ಬರುವ ಮೊದಲೇ ಅಲ್ಲಿ ಕೇಳಿದವರಿಗೆ, ಕೇಳದವರಿಗೆ ಉಪದೇಶ ಕೊಡುವುದು ಅವನ ದಿನಚರಿಯಾಗಿತ್ತು. ಈಗ ಮಾತ್ರ ತಾನೇ ಕೇಳುವ ಪಾಳಿ.

ಉತ್ತರ ಬಂದವು. ಪಕ್ಕದಂಗಡಿಯ ಸಿಂಪಿಗ ಪ್ರಭುಲಿಂಗಪ್ಪ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿಬಂದ. ಯಾರೂ ಕರೆದಿರಲಿಲ್ಲ.

"ಮ್ಯಾಲಿನ ಹಲ್ಲು ಪಟ್ಟಿ ತುದಿ ಕಡೆ ಮಾರಿ ಮಾಡಿರಬೇಕು ಅಂತ ಇಬ್ಬರು ಅಂತಾರ ಚಾಚಾ," ಎಂದ ಅಲ್ತಮಶ. "ಮೂರನೇದಾಂವ ಮಾತ್ರ ಮಷೀನ ಹಿಡದಾಂವನ ಕಡೆ ಇರ್ಲಿ ಅಂತಾನ."

"ಮಾರಿ ನೋಡದ ಮಾತ ಹ್ಯಾಂಗ ನಂಬೂದು? ಫೋಟೋ ತೋರ್ಸು," ಎಂದ ಪ್ರಭುಲಿಂಗಪ್ಪ.

ಮೊದಲನೆಯವನು ಕಪ್ಪು ಕನ್ನಡಕದ ಪೋರ. ಎರಡನೆಯವನ ಫೋಟೋದಲ್ಲಿ ಒಂದು ಬೆಕ್ಕು. "ಬೆಕ್ಕಿನ ಮಾತ ಕೇಳಿ ಗಿಡಾ ಕಡೀತಿಯೇನ?" ಎಂದು ಪ್ರಭುಲಿಂಗಪ್ಪ ಗದರಿಸಿದ. ಮೂರನೆಯದು ತೆರೆದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಎದೆಯವರೆಗೆ ಇಳಿದ ಬಿಳಿ ಗಡ್ಡ!

"ಪಂಚರು ಕುಂತಾಗ ಹಿರ್ಯಾ ಕಡೀಕ ಮಾತಾಡ್ತಾನ, ಅಂವ ಆಡಿದ್ದ ಖರೇ. ಈ ಅಜ್ಜನೂ ಕಡೀಕ ಮಾತಾಡ್ಯಾನ. ಮುಗೀತು!" ಎಂದ ಪ್ರಭುಲಿಂಗಪ್ಪ.

ದಿಲಾವರನಿಗೂ ಹೌದೆನ್ನಿಸಿತು. "ನಮ್ಮ ಕೈಗರಗಸದ ಹಲ್ಲೂ ನಮ್ಮ ಕಡೇನ ಇರ್ತಾವಲ್ಲ!" ಎಂದು ತೊಡೆ ತಟ್ಟಿದ.

ಮಧ್ಯಾಹ್ನ ಅಂದಾನೆಪ್ಪನವರ ಹಿತ್ತಲಲ್ಲಿ ಓಣಿಯೇ ನೆರೆಯಿತು. ಮೂಲೆಯಲ್ಲಿ ಹಾಲಸಿದ್ದಪ್ಪ ಎಲೆ-ಅಡಿಕೆ ಮೆಲ್ಲುತ್ತ, ಕೊಡಲಿ ಮಗ್ಗುಲಿಗಿಟ್ಟುಕೊಂಡು ಕೂತಿದ್ದ. ದಿಲಾವರ ಹಲ್ಲು ತನ್ನ ಕಡೆ ಮಾಡಿ ಚೈನು ಹಾಕಿದ್ದ ಗರಗಸದ ಹಗ್ಗ ಜಗ್ಗಿದ. ಮಷೀನು ಗುಡ್ಡ ಮಾರ್ದನಿಗೊಡುವಂತೆ ಅಬ್ಬರಿಸಿತು. ಮರಕ್ಕೆ ಹಚ್ಚಿದ. ಹೊಟ್ಟು ಉದುರಲಿಲ್ಲ, ಹೊಗೆ ಎದ್ದಿತು.

"ಯಪ್ಪಾ, ಗಿಡಕ್ಕ ಧೂಪಾ ಹಾಕಾಕತ್ತಿಯೇನ?" ಎಂದು ನೆರೆಮನೆಯ ರೇಣವ್ವ ಗೋಡೆ ಮೇಲಿಂದ ಕೂಗಿದಳು.

"ಒತ್ತಲೇ ಇನ್ನೂ! ಅಜ್ಜ ಸುಳ್ಳ ಹೇಳಾಂವಲ್ಲ!" ಪ್ರಭುಲಿಂಗಪ್ಪ ದೂರ ನಿಂತು ಹುರಿದುಂಬಿಸಿದ.

ದಿಲಾವರ ಮೈಯ ಭಾರವನ್ನೆಲ್ಲ ಹಾಕಿ ಒತ್ತಿದ. ಹೊಗೆ ದಟ್ಟವಾಯಿತು, ಮಷೀನು ಕೆಮ್ಮಿ ಕೆಮ್ಮಿ ಬಂದ್ ಆಯಿತು. ಮರದ ಮೈಮೇಲೆ ಕಾಡಿಗೆ ತೀಡಿದಂಥ ಒಂದು ಗೆರೆ ಮಾತ್ರ ಮೂಡಿತ್ತು.

ಹಾಲಸಿದ್ದಪ್ಪ ಎಲೆ ಉಗುಳಿ ಎದ್ದ. ಹೊತ್ತು ಮುಳುಗುವ ಮುಂಚೆ ಬೇವಿನಮರ ನೆಲಕ್ಕೊರಗಿತು. "ಜಾಲೀನೂ ನೀನ ನೋಡ್ಕೋಪಾ," ಎಂದರು ಅಂದಾನೆಪ್ಪ ಅವನಿಗೆ. ಆ ಮಾತು ಕೇಳಿ ದಿಲಾವರ ಮಷೀನು ಹೆಗಲಿಗೇರಿಸಿದ. ಸೀದಾ ಸೈಬರ್ ಕೆಫೆಗೆ ನುಗ್ಗಿದ.

"ಆ ಗಡ್ಡದಾಂವಗ ಬರಿ ಅಲ್ತಮಶ. ಇದನ್ನ ನಿನಗ ಕಲಿಸಿದಾಂವ ಯಾಂವ ಅಂತ ಕೇಳು!"

ಉತ್ತರ ಲಗೂನೇ ಬಂತು. ಅಲ್ತಮಶ ಓದಿ ಹೇಳಿದ: "'ಸಿಟ್ಟಾಗಬ್ಯಾಡ್ರಿ. ನಾ ಜನ್ಮದಾಗ ಮಷೀನ ಮುಟ್ಟಿದಾಂವಲ್ಲ. ಇದ ತಾಣದಾಗ ಒಬ್ಬ ಉಸ್ತಾದ ಭಾಳ ಗಟ್ಟಿಯಾಗಿ ಹೇಳಿದ್ದ, ನಂಬಿದೆ.'"

"ಅಂಥಾ ಉಸ್ತಾದನ ಮಾತ ಇನ್ನ ಮ್ಯಾಲೆ ಯಾರೂ ಕೇಳಬ್ಯಾಡ್ರಿ, ಅಂವ ಶುದ್ಧ ಬಡಾಯಿಕೋರ ಅಂತ ಜಗತ್ತಿಗೆಲ್ಲಾ ಕಾಣೂ ಹಂಗ ಹಾಕು!"

ಅಲ್ತಮಶ ಹಾಕಿದ. ಅಷ್ಟರಲ್ಲಿ ಗಡ್ಡದವನು ಉಸ್ತಾದನ ಹಳೆಯ ಮಾತನ್ನೇ ತೆಗೆದು ತೋರಿಸಿದ್ದ. ಅದನ್ನು ಅಲ್ತಮಶ ಓದಿ ಹೇಳಿದ.

"'ಗರಗಸದ ಹಲ್ಲು ಯಾವತ್ತೂ ಎಳ್ಯಾಂವನ ಕಡೇನ ಇರಬೇಕು. ಮಷೀನಿಗೂ ಅದ ಕಾಯ್ದೆ.' ಹೆಸರು... ದಿಲಾವರ, ಗಜೇಂದ್ರಗಡ. ಮಷೀನ್ ಬರೂಕಿಂತ ಮೊದ್ಲ ನೀವ ಬರಸಿದ್ರಲ್ಲ, ಚಾಚಾ."

ದಿಲಾವರ ಓಣಿ ತಪ್ಪಿಸಿ, ಸುತ್ತು ಹಾಕಿ ಮನೆ ಸೇರಿದ. ಸುದ್ದಿ ನೇರ ದಾರಿಯಲ್ಲಿ ಬಂದು ಮೊದಲೇ ತಲುಪಿತ್ತು.

"ದಿಲಾವರನ ಮಾತ ಯಾರೂ ಕೇಳಬ್ಯಾಡ್ರಿ ಅಂತ ಜಗತ್ತಿಗೆಲ್ಲಾ ಬರಸೀರಂತ?" ಗುಲ್ಷನ ನೀರಿನ ತಂಬಿಗೆ ಮುಂದಿಟ್ಟಳು. "ಮದವಿ ಆದಾಗಿಂದ ನಾನೂ ಅದನ್ನ ಹೇಳಾಕತ್ತೇನಿ. ನೀವು ಎಲ್ಲಿ ಕೇಳ್ತೀರಿ? ನನಗ ಗಡ್ಡ ಇಲ್ಲಲ್ಲ!"