ಸುಬಾಂಗ್ ಜಯಾದ ಸ್ಥಳಪುರಾಣ

ನಮ್ಮ ನಾಡಿನ ಯಾವ ಊರನ್ನೇ ತೆಗೆದುಕೊಳ್ಳಿ, ಅದಕ್ಕೊಂದು ಸ್ಥಳಪುರಾಣ ಇದ್ದೇ ಇರುತ್ತದೆ. ಒಂದು ಕಡೆ ಪಾಂಡವರು ಒಲೆ ಹೂಡಿರುತ್ತಾರೆ, ಇನ್ನೊಂದು ಕಡೆ ಯಾರೋ ಸುಲ್ತಾನನ ಕುದುರೆ ನೀರು ಕುಡಿದಿರುತ್ತದೆ. ಏನೂ ಇಲ್ಲದ ಊರಿನಲ್ಲೂ ಒಬ್ಬ ಸೂಫಿ ಸಂತರಾದರೂ ಒಂದು ರಾತ್ರಿ ತಂಗಿ ಹೋಗಿರುತ್ತಾರೆ. ಇಂಥ ನಾಡಿನಿಂದ ಮಲೇಷ್ಯಾಕ್ಕೆ ಬಂದು ಸುಬಾಂಗ್ ಜಯಾದಲ್ಲಿ ನೆಲೆಸಿದ ನನ್ನನ್ನು ಈ ಊರಿನ ಇತಿಹಾಸವೇನೆಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ನನಗೆ ಗೊತ್ತಿದ್ದದ್ದು ಯಾವ ಮಾಲಿನಲ್ಲಿ ಪಾರ್ಕಿಂಗ್ ಸಿಗುತ್ತದೆ, ತಮಿಳು ಮುಸ್ಲಿಮರು ನಡೆಸುವ ಯಾವ ಮಾಮಕ್ ಹೋಟೆಲಿನ ಚಹಾ ಬಾಯಿಗಿಡುವ ಹಾಗಿರುತ್ತದೆ ಎನ್ನುವುದಷ್ಟೇ. ಎಂಜಿನಿಯರನಿಗೆ ಅಷ್ಟು ಸಾಲದೇ?

ಹೀಗೆ ನೆಮ್ಮದಿಯಾಗಿದ್ದಾಗ ಹಾವೇರಿಯಿಂದ ಮಾವ ಬಂದಿಳಿದರು. ನಿವೃತ್ತ ಇತಿಹಾಸದ ಮೇಷ್ಟ್ರು. ಮೊದಲ ಸಂಜೆ ವಾಕಿಂಗ್ ಹೊರಟಾಗಲೇ ದೊಡ್ಡ ಕಾಂಕ್ರೀಟ್ ಚರಂಡಿಯ ಮುಂದೆ ನಿಂತು, "ಅಳಿಯಾವ್ರ, ಇದು ಯಾರ ಕಾಲದ್ದು?" ಎಂದರು. ಗೊತ್ತಿಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮಾವನ ಮುಂದೆ ಗೊತ್ತಿಲ್ಲ ಎನ್ನುವ ಅಳಿಯ ಎಲ್ಲಿದ್ದಾನೆ ಹೇಳಿ! "ಮಾವ, ಅರಸರ ಕಾಲದ ಕಾಲುವೆ ಇದು. ಆಮೇಲೆ ಸಿಮೆಂಟ್ ಹಾಕಿದ್ದಾರೆ" ಎಂದೆ. ಅವರು ತಲೆದೂಗಿದರು. ಆ ತಲೆದೂಗು ನನ್ನನ್ನು ಹಾಳು ಮಾಡಿತು. ಮರುದಿನ ಸಂಜೆ ರಸ್ತೆಯ ವೃತ್ತವನ್ನು ಕೋಟೆಯ ಬುರುಜು ಮಾಡಿದೆ. ಇಲ್ಲಿ ರಸ್ತೆಗಳಿಗೆ ಹೆಸರಿಗಿಂತ ನಂಬರುಗಳೇ ಹೆಚ್ಚು. ಅವೆಲ್ಲ ಸುಲ್ತಾನರ ಸೈನ್ಯದ ತುಕಡಿಗಳ ನಂಬರು ಎಂದೂ ಹೇಳಿಬಿಟ್ಟೆ. ಹದಿನೈದನೆಯ ತುಕಡಿ ಬಹಳ ಶೂರರದು ಎಂದು ಸೇರಿಸುವ ಅಗತ್ಯವೇ ಇರಲಿಲ್ಲ, ಆದರೆ ಬಾಯಿಗೆ ಬ್ರೇಕ್ ಬೇಕಲ್ಲ!

ಶನಿವಾರ ಬೆಳಿಗ್ಗೆ ನನ್ನ ಹೆಂಡತಿ ಶಮೀಮ್ ಖುಷಿಯಿಂದ, "ರೀ, ನಾಳೆ ಕನ್ನಡದವರ ಕೂಟದಲ್ಲಿ ಅಬ್ಬಾ ಮಾತಾಡ್ತಾರಂತೆ. ನೀವು ಅದೇನೋ ಹೇಳಿದ್ರಂತಲ್ಲ, ಆ ಸುಬಾಂಗ್ ಜಯಾ ಇತಿಹಾಸ! ಪಕ್ಕದ ಮನೆ ಸೆಲ್ವಂ ಅಂಕಲ್‌ನೂ ಕರೆದಿದ್ದೀನಿ. ಅವರು ಹುಟ್ಟಿದ್ದು ಇಲ್ಲೇ, ರಬ್ಬರ್ ತೋಟದ ಕೂಲಿಕಾರರ ಲೈನ್ ಮನೇಲಿ" ಎಂದಳು.

"ಯಾವ ರಬ್ಬರ್ ತೋಟ?"

"ಇದೆಲ್ಲಾ ರಬ್ಬರ್ ತೋಟ ಆಗಿತ್ತಲ್ಲ! ಊರು ಕಟ್ಟೋಕೆ ಶುರು ಮಾಡಿದ್ದೇ ನಾನು ಹುಟ್ಟಿದ ವರ್ಷದ ಆಸುಪಾಸಲ್ಲಿ. ನಿಮಗೆ ಗೊತ್ತಿಲ್ವಾ?"

ನನ್ನ ಮಾನ ಹೋಗುವುದು ಹಾಗಿರಲಿ, ಅದು ಹೋಗಿ ಬಂದು ಅಭ್ಯಾಸವಿದೆ. ಎಲ್ಲರ ಮುಂದೆ ಮಾವ ನಗೆಪಾಟಲಾಗುತ್ತಾರಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ಸಂಜೆ ಅಪ್ಪ ಮಗಳು ಇಬ್ಬರನ್ನೂ ಮಾಮಕ್ ಹೋಟೆಲಿಗೆ ಕರೆದುಕೊಂಡು ಹೋದೆ. ಶಮೀಮ್ ಪರೋಟದಂಥ ರೊಟ್ಟಿ ಚನಾಯ್ ಹರಿಯುತ್ತಿದ್ದಳು. ನಾನು ಚಹಾ ಕಲಕುತ್ತಾ ಕಾಲುವೆ, ಬುರುಜು, ತುಕಡಿ ಎಲ್ಲವನ್ನೂ ಒಪ್ಪಿಕೊಂಡೆ. "ಎಲ್ಲಾ ನಾನೇ ಕಟ್ಟಿದ್ದು ಮಾವ. ಈ ಊರು ನಿಮ್ಮ ಮಗಳ ಓರಗೆಯದು."

ಮಾವ ಕನ್ನಡಕ ತೆಗೆದು ಒರೆಸಿದರು.

"ಹೋಗ್ಲಿ ಬಿಡ್ರಿ. ಊರಿನ ಇತಿಹಾಸ ಗೊತ್ತಿಲ್ಲಂದ್ರ ಏನ ತಪ್ಪಿಲ್ಲ. ಇದರ ವಾರಿಗಿಯಾಕಿ ನಿಮ್ಮ ಮನ್ಯಾಗ ಅದಾಳಲ್ಲ, ಆಕಿ ಎಲ್ಲಿ ಹುಟ್ಯಾಳ, ಅದನ್ನರ ಹೇಳ್ರಿ ನೋಡೋಣು."

ಇಷ್ಟು ಸುಲಭದ ಪ್ರಶ್ನೆಯಲ್ಲೇ ಪಾರಾದೆನಲ್ಲ ಎಂದು ಹಿಗ್ಗಿ, "ಹಾವೇರಿ!" ಎಂದೆ.

ರೊಟ್ಟಿ ಹರಿಯುತ್ತಿದ್ದ ಕೈ ನಿಂತಿತು. "ಬ್ಯಾಡಗಿ," ಎಂದಳು ಶಮೀಮ್. "ನಾನಿಮಾ ಮನೇಲಿ, ಅಮ್ಮನ ತವರಲ್ಲಿ. ಮದುವೆಯಾದ ವರ್ಷವೇ ಕರ್ಕೊಂಡು ಹೋಗಿ ಆ ಕೋಣೆ ತೋರಿಸಿದ್ದೆ."

ಬ್ಯಾಡಗಿ ನನಗೆ ಚೆನ್ನಾಗಿ ನೆನಪಿತ್ತು. ಮೆಣಸಿನಕಾಯಿ ಅಗ್ಗಕ್ಕೆ ಸಿಕ್ಕಿತ್ತು. ಪುಣ್ಯಕ್ಕೆ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಮಾವ ಎದ್ದು ನನ್ನ ಭುಜ ತಟ್ಟಿದರು. "ಸುಬಾಂಗ್ ಜಯಾದ್ದು ನಾಳೆ ಆ ಸೆಲ್ವಂ ಅವ್ರನ್ನ ಕೇಳಿ ನಾ ಸುಧಾರಿಸ್ಕೋತೀನಿ. ಇವತ್ತ ನಿಮ್ಮದು ನೀವು ಸುಧಾರಿಸ್ಕೋರಿ ಅಳಿಯಾವ್ರ."