ಗೀರು ಬೀಳಿಸದ ಕೈ

ನಲ್ಲಿಯ ವಾಷರ್ ಅಂದರೆ ಕೋಟಿನ ಗುಂಡಿಯಷ್ಟು ರಬ್ಬರು. ಅದನ್ನು ಕದ್ದು ಪ್ರಚಾರಾಧಿಕಾರಿ ಪಟ್ಟ ಪಾಡು ಬ್ಯಾಂಕು ದೋಚಿದವನೂ ಪಟ್ಟಿರಲಿಕ್ಕಿಲ್ಲ.

ಹೊರಗಿನ ಕಂಪನಿಯವರನ್ನು ಕರೆತಂದು, ನಮ್ಮ ಸೀಮೆಯ ಹುಡುಗ ಹುಡುಗಿಯರು ಎಂಥ ಕೆಲಸ ಕಲಿತಿದ್ದಾರೆ ನೋಡಿ ಎಂದು ಹೊಗಳುವುದೇ ಆತನ ಉದ್ಯೋಗ. ಹೆಂಡತಿ ಅದಕ್ಕೇ ಚುಚ್ಚುತ್ತಿದ್ದಳು: "ಸೀಮೆಗೆಲ್ಲ ಕೆಲಸ ಕೊಡಿಸೋರಿಗೆ ಅಡುಗೆಮನೆ ನಲ್ಲಿ ಸೋರೋದು ನಿಲ್ಸೋಕಾಗಲ್ವೇನ್ರೀ?"

ಕಿರಿಕಿರಿ ತಡೆಯಲಾರದೆ ಆತ ಬೆಳಗಾಗುತ್ತಲೇ ಆ ಹುಡುಗರು ಕಲಿಯುವ ತರಬೇತಿ ಕೇಂದ್ರಕ್ಕೆ ಹೋಗಿ, ವಾಲ್ವ್ ಮುಚ್ಚಿ, ಕೈತೊಳೆಯುವ ನಲ್ಲಿಯ ವಾಷರ್ ಬಿಚ್ಚಿ ತಂದು ಮನೆಯ ನಲ್ಲಿಗೆ ಹಾಕಿದ. ನಾಳೆ ಕೇಂದ್ರದ್ದಕ್ಕೆ ಹೊಸದು ತಂದು ಹಾಕಿದರಾಯಿತು ಅನ್ನುವ ಧೈರ್ಯ.

ಕಟ್ಟಡ ಕಟ್ಟುವ ಕಂಪನಿಯೊಂದರ ಯಜಮಾನ ಕೆಲಸಕ್ಕೆ ಜನ ಆರಿಸಲು ಬರುವುದಿದ್ದದ್ದು ಅವತ್ತೇ. ಕೇಂದ್ರದಲ್ಲಿ ಕಲಿತ ಒಬ್ಬರಿಗೂ ಇದುವರೆಗೆ ಕೆಲಸ ಸಿಕ್ಕಿರಲಿಲ್ಲ. ಈ ಯಜಮಾನನೂ ಯಾರನ್ನೂ ಆರಿಸದೆ ಹೋದರೆ ಕೇಂದ್ರಕ್ಕೆ ಬೀಗ ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದರು.

ಅತಿಥಿಗೆ ಕೈತೊಳೆಯಲು ನೀರಿರಲಿ ಎಂದು ನಲ್ಲಿ ಕೆಲಸ ಕಲಿಸುವ ಮೇಷ್ಟ್ರು ವಾಲ್ವ್ ತಿರುಗಿಸಿದರು. ನಲ್ಲಿ ಭೋರ್ಗರೆಯಿತು. ಮುಚ್ಚಲು ಹೋದರೆ ವಾಲ್ವಿನ ಹಿಡಿಯೇ ಕಿತ್ತು ಕೈಗೆ ಬಂತು.

"ಯಾರಾದ್ರೂ ನಿಲ್ಸ್ರೋ! ಇಷ್ಟು ದಿನ ಏನು ಕಲ್ತ್ರಿ?" ಮೇಷ್ಟ್ರು ಅರಚಿದರು.

"ಹಲಗೆಗೆ ಬಿಗಿದ ಪೈಪಲ್ಲಿ ಕಲ್ತಿದ್ದು ಸಾರ್. ಅದ್ರಲ್ಲಿ ನೀರೇ ಬರಲ್ವಲ್ಲ!" ಎಂದರು ಹುಡುಗರು.

ನಿಜವೇ. ಚಾಪೆ ಹಾಸಿ ಈಜು ಕಲಿಸುವಂಥ ಕೇಂದ್ರ ಅದು.

ಯಜಮಾನ ಬಂದಾಗ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳೆಲ್ಲ ದೋಣಿಗಳಂತೆ ತೇಲಿ ಎದುರುಗೊಂಡವು. ಆತ ಪ್ಯಾಂಟು ಮಡಚಿ, ಸ್ಪ್ಯಾನರ್ ಇಸಿದುಕೊಂಡು ನಲ್ಲಿಯ ತಲೆ ಬಿಚ್ಚಿದ. ಚಿಮ್ಮಿದ ನೀರಿಗೆ ತರಗತಿಯ ಒಬ್ಬ ಹುಡುಗಿ ಅಂಗೈ ಒತ್ತಿ ನಿಂತಳು.

"ಒಳಗೆ ವಾಷರೇ ಇಲ್ಲ. ಬೇಗ ಒಂದು ತನ್ನಿ!" ಎಂದ ಯಜಮಾನ.

ಉಗ್ರಾಣದಲ್ಲಿ ಬರೀ ಹಲಗೆ. "ನಾನ್ ತರ್ತೀನಿ" ಎಂದು ಯಜಮಾನನನ್ನು ಕರೆತಂದಿದ್ದ ಅಧಿಕಾರಿ ಮನೆಗೆ ಓಡಿದ. ಅಲ್ಲಿನ ವಾಷರ್ ಕಿತ್ತು, ಹಳೆಯ ಸವೆದದ್ದನ್ನೇ ತುರುಕಿದ.

"ಅಯ್ಯೋ, ಬೆಳಿಗ್ಗೆ ತಾನೆ ಹಾಕಿದ್ರಲ್ರೀ!"

"ಸೀಮೆ ಮರ್ಯಾದೆ ಪ್ರಶ್ನೆ ಕಣೇ!"

ಕೇಂದ್ರದಲ್ಲಿ ಯಜಮಾನ ಅದೇ ವಾಷರ್ ಕೂರಿಸಿದ. ನೀರು ನಿಂತಿತು. ಆಮೇಲೆ ಆತ ನಲ್ಲಿಯ ಸುತ್ತ ಬೆರಳಾಡಿಸಿ, "ಇದನ್ನ ಯಾರೋ ಬಿಚ್ಚಿ ವಾಷರ್ ಎಗರ್ಸಿದಾರೆ," ಎಂದ.

ಅಧಿಕಾರಿಯ ಬಾಯಿ ಒಣಗಿತು. ಅಷ್ಟು ದೊಡ್ಡ ಕೇಂದ್ರದಲ್ಲಿ ಒಣಗಿದ್ದು ಅದೊಂದೇ.

"ಆದ್ರೆ ನಟ್ಟಿಗೆ ಒಂದು ಗೀರೂ ಬಿದ್ದಿಲ್ಲ. ಎಂಥ ಕೈ! ಆ ಕಳ್ಳನಿಗೆ ಈಗ್ಲೇ ಮೇಸ್ತ್ರಿ ಕೆಲಸ, ನಮ್ಮ ಮೇಸ್ತ್ರಿಗಳಿಗೆ ಕೊಡೋ ಸಂಬಳದ ಎರಡರಷ್ಟು. ಯಾರಪ್ಪಾ ಅವನು?"

ಅಧಿಕಾರಿಯ ಕೈ ತಾನಾಗಿ ಎದ್ದಿತು. ಮೇಷ್ಟ್ರು ದುರುಗುಟ್ಟಿ ನೋಡಿದರು. ಕೈ ಅರ್ಧಕ್ಕೇ ತಿರುಗಿ ತಲೆ ಕೆರೆಯಿತು.

ಅಷ್ಟರಲ್ಲಿ ಅಂಗೈ ಒತ್ತಿದ್ದ ಹುಡುಗಿ "ನಾನೇ ಸಾರ್" ಎಂದಳು. "ಅವಳಲ್ಲ, ನಾನು!" "ನಾನು ಸಾರ್!" ಎಂದು ಇಡೀ ತರಗತಿ ಕೈ ಎತ್ತಿತು.

ಯಜಮಾನ ಗಹಗಹಿಸಿ ನಕ್ಕ. "ಜೊತೆಯವನನ್ನ ಬಿಟ್ಕೊಡಲ್ಲ ಅಂತೀರಾ? ಇಂಥ ಜನವೇ ಬೇಕು. ನೀರಿನ ಕೆಲಸ ನಾನು ಕಲಿಸ್ಕೋತೀನಿ. ಎಲ್ರೂ ನಾಳೇನೇ ಬನ್ನಿ!"

ಬೀಗ ತಪ್ಪಿತು, ಕಳ್ಳತನವೂ ಮುಚ್ಚಿಹೋಯಿತು. ಅಧಿಕಾರಿ ಎದೆ ಹಗುರಾಗಿ ಸಿಳ್ಳೆ ಹಾಕುತ್ತ ಮನೆಗೆ ಬಂದ.

ಅಡುಗೆಮನೆಯಲ್ಲಿ ಟಪ್, ಟಪ್.

"ನಿಮ್ಮ ಹುಡುಗರಲ್ಲಿ ಒಬ್ಬರನ್ನಾದ್ರೂ ಕಳಿಸ್ರೀ," ಎಂದಳು ಹೆಂಡತಿ.

"ಯಾರೂ ಉಳಿದಿಲ್ಲ ಕಣೇ. ಎಲ್ರಿಗೂ ಕೆಲಸ ಸಿಕ್ತು!" ಎಂದು ಆತ ನಗುತ್ತಲೇ ನಲ್ಲಿಯ ಕೆಳಗೆ ಬಕೆಟ್ ಇಟ್ಟ.