ತೊಂಬತ್ತು ದಿನದ ಮಾವ

ಮನುಷ್ಯರನ್ನು ಸರಿಯಾಗಿ ತೊಂಬತ್ತು ದಿನ ಪ್ರೀತಿಸಿ, ತೊಂಬತ್ತೊಂದನೆಯ ದಿನ ಬೆಳಿಗ್ಗೆ ಮರೆತುಬಿಡುವ ಒಬ್ಬರನ್ನು ನಾನು ಬಲ್ಲೆ. ನೀವು ನಂಬುವುದಿಲ್ಲ, ಗೊತ್ತು! ನಾನೂ ಸುಲಭಕ್ಕೆ ಯಾವುದನ್ನೂ ನಂಬುವವಳಲ್ಲ. ಕಾಲೇಜಿನ ಮೂರು ವರ್ಷವೂ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ವಿರುದ್ಧವೇ ಮಾತಾಡಿ ಆರು ಸ್ಟೀಲ್ ಲೋಟ, ಎರಡು ಪರ್ಯಾಯ ಪಾರಿತೋಷಕ ಗೆದ್ದವಳು. ಹಾಗಾಗಿ ಪುರಾವೆ ಒದಗಿಸಿಯೇ ಮುಂದಕ್ಕೆ ಹೋಗುತ್ತೇನೆ. ಆ ವ್ಯಕ್ತಿ ನನ್ನ ಸೋದರಮಾವ.

ಹೊಸ ಶತಮಾನ ಹುಟ್ಟಿ ಎರಡು ಮೂರು ವರ್ಷವಾಗಿದ್ದ ಕಾಲ. ಹುಣಸೂರಿನ ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದಂಗಡಿಯ ಮೇಲಿನ ಒಂದೇ ಒಂದು ಕೋಣೆಯಲ್ಲಿ ಮಾವ ‘ಜಾಬ್ ಕನ್ಸಲ್ಟೆನ್ಸಿ’ ನಡೆಸುತ್ತಿದ್ದರು. ಬೋರ್ಡಿನಲ್ಲಿ ಅಷ್ಟೇ ಇತ್ತು. ಆ ಪದಗಳಿಗೆ ಮೊದಲು ಹೆಸರು ಬರೆಯಲು ಪೇಂಟರ್ ಒಂದಡಿ ಜಾಗ ಬಿಟ್ಟಿದ್ದ. ಮಾವ ಮಕ್ಕಳ ಹೆಸರೋ, ಮನೆದೇವರ ಹೆಸರೋ ಎಂದು ಯೋಚಿಸುತ್ತಲೇ ಇದ್ದರು. ನಾನು ಡಿಗ್ರಿ ಮುಗಿಸುವವರೆಗೂ ಯೋಚಿಸುತ್ತಿದ್ದರು. ಕಾಲೇಜಿಗಾಗಿ ಊರು ಬಿಟ್ಟು ಬಂದು ನಾನು ಅವರ ಮನೆಯಲ್ಲೇ ಇದ್ದೆ. ರಜೆಯಲ್ಲಿ ಆ ಕೋಣೆಯಲ್ಲಿ ಕೂತು ಅರ್ಜಿ ತುಂಬಿಸುವುದು ನನ್ನ ಕೆಲಸ.

ಆ ವೃತ್ತಿಯ ಕಟ್ಟಳೆ ಸರಳ. ಕೆಲಸ ಕೇಳಿ ಬಂದವರಿಂದ ಮಾವ ಏನೂ ತೆಗೆದುಕೊಳ್ಳುವುದಿಲ್ಲ. ಕೆಲಸ ಕೊಟ್ಟ ಮಾಲೀಕರು ಒಬ್ಬ ಆಳಿಗೆ ಅರ್ಧ ತಿಂಗಳ ಸಂಬಳದಷ್ಟು ಕಮಿಷನ್ ಕೊಡುತ್ತಾರೆ. ಆದರೆ ಯಾವಾಗ? ಆ ಆಳು ತೊಂಬತ್ತು ದಿನ ಅಲ್ಲಿ ನಿಂತರೆ! ಎಂಬತ್ತೊಂಬತ್ತನೆಯ ದಿನ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ ಹತ್ತಿದನೋ, ಮಾವನಿಗೆ ಸೊನ್ನೆ. ಎಂಬತ್ತೆಂಟನೆಯ ದಿನ ಕೆಲಸದಿಂದ ತೆಗೆದು, ತೊಂಬತ್ತೈದನೆಯ ದಿನ ಮತ್ತೆ ಕರೆಸಿಕೊಳ್ಳುವ ಜಾಣ ಮಾಲೀಕರೂ ಇದ್ದರು. ಹೀಗಾಗಿ ಕೆಲಸ ಹುಡುಕಿಕೊಡುವುದು ಮಾವನ ಪಾಲಿಗೆ ಅರ್ಧ ದಿನದ ಕೆಲಸ. ಹೋದವರು ಓಡಿ ಬರದಂತೆ ನೋಡಿಕೊಳ್ಳುವುದು ಉಳಿದ ಎಂಬತ್ತೊಂಬತ್ತೂವರೆ ದಿನದ ಕೆಲಸ.

ಇದಕ್ಕೆ ಅವರು ಒಂದು ಸಿದ್ಧಾಂತವನ್ನೇ ಕಟ್ಟಿದ್ದರು. “ಜನ ಕೆಲ್ಸ ಬುಡೋದು ಸಂಬಳ ಸಾಲ್ದು ಅಂತಲ್ಲ ಕಣವ್ವ. ಸಾರು ಸರಿಯಾಗಿಲ್ಲ ಅಂತ.”

“ಇದಕ್ಕೆ ಆಧಾರ?” ಅಂದೆ ನಾನು.

“ಹನ್ನೊಂದು ಜನ ವಾಪಸ್ ಬಂದವ್ರೆ. ಒಬ್ಬೊಬ್ರನ್ನೂ ಕೂರ್ಸಿ ಕೇಳಿವ್ನಿ. ಬೇಕಾದ್ರೆ ನೀನೂ ಕೇಳು.”

ಆದ್ದರಿಂದ ಅವರ ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕಾರ್ಡಿಗೆ ಬೆಲೆ ಇರಲಿಲ್ಲ. ಹುಡುಗ ಬಂದು ನಿಂತರೆ ಮೊದಲ ಪ್ರಶ್ನೆ, “ಮುದ್ದೆ ಎಷ್ಟು ಉಣ್ತೀಯ?” ಒಂದು ಎಂದವನನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು. ಎರಡು ಎಂದವನಿಗೆ ಮೈಸೂರೇ ಗಡಿ. ಮೂರು ಎಂದವನನ್ನು ಮೇಲಿಂದ ಕೆಳಗೆ ನೋಡಿ, “ನೀನು ಹೊಲ ಉತ್ಕೊಂಡಿರು ಮಗಾ, ನಿನ್ನನ್ನ ಯಾವ ಕ್ಯಾಂಟೀನೂ ತಡ್ಕೊಳಲ್ಲ” ಎಂದು ಟೀ ಕುಡಿಸಿ ಕಳಿಸುತ್ತಿದ್ದರು. ಬಿ.ಕಾಂ. ಫಸ್ಟ್ ಕ್ಲಾಸ್ ಬಂದಿದ್ದವನೊಬ್ಬ ಹೀಗೆ ಮೂರು ಮುದ್ದೆಯ ಕಾರಣಕ್ಕೆ ಫೇಲಾಗಿ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ!

ಭಾನುವಾರ ಬಂತೆಂದರೆ ಮಾವ ಟಿಫಿನ್ ಕ್ಯಾರಿಯರ್ ಹಿಡಿದು ಹೊರಟರು. ನಾಲ್ಕು ಡಬ್ಬಿಯ ಕ್ಯಾರಿಯರ್. ಅತ್ತೆ ಕೋಳಿ ಕೂಗುವ ಹೊತ್ತಿಗೇ ಎದ್ದು ಮುದ್ದೆ, ಉಪ್ಸಾರು, ಖಾರ, ಹುರುಳಿಕಾಳಿನ ಪಲ್ಯ ತುಂಬಿಸಬೇಕು. ಯಾರಿಗೆ ದಿನ ಎಷ್ಟಾಗಿದೆ, ಯಾರು ಅಳುವ ಹಂತದಲ್ಲಿದ್ದಾರೆ ಎಂಬ ಲೆಕ್ಕವೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ. ಒಬ್ಬೊಬ್ಬರ ತೊಂಬತ್ತನೆಯ ದಿನಕ್ಕೂ ಒಂದು ಕೆಂಪು ಸುತ್ತು.

ಗಾವಡಗೆರೆ ಕಡೆಯ ಒಬ್ಬನನ್ನು ಮಾವ ಬೀಚನಹಳ್ಳಿ ಅಣೆಕಟ್ಟಿನ ಹತ್ತಿರದ ಕಾಡಿನ ರೆಸಾರ್ಟಿಗೆ ಊಟ ಬಡಿಸುವ ಕೆಲಸಕ್ಕೆ ಸೇರಿಸಿದ್ದರು. ಒಂದೇ ಮುದ್ದೆಯವನು, ಭರವಸೆಯ ಆಳು. ಅರವತ್ತಮೂರನೆಯ ದಿನ ಫೋನ್ ಮಾಡಿ ಕೆಲಸ ಬಿಡುತ್ತೇನೆಂದ. ಮಾವ ಕ್ಯಾರಿಯರ್ ಸಮೇತ ಓಡಿದರು. ಬೇಸಿಗೆ ರಜೆ, ನಾನೂ ಜೊತೆಗಿದ್ದೆ.

“ಸಾರು ಸರಿಯಿಲ್ವೇನ್ಲಾ?”

“ಸಾರು ಚೆನ್ನಾಗದೆ ಕಣಣ್ಣೋ. ಇಲ್ಲಿ ಯಾರೂ ಜೋರಾಗಿ ಮಾತಾಡಂಗಿಲ್ಲ. ಕಾಡು ಅಂತೆ, ಪ್ರಾಣಿ ಅಂತೆ. ಎಲ್ರೂ ಪಿಸಪಿಸ ಅಂತಾರೆ. ಎರಡು ತಿಂಗ್ಳಾಯ್ತು, ನನ್ ಗಂಟ್ಲೇ ನಂಗೆ ಮರ್ತೋಗದೆ.”

ಅವರ ಸಿದ್ಧಾಂತ ನನ್ನ ಕಣ್ಣೆದುರೇ ಬಿದ್ದುಹೋಯಿತಲ್ಲ ಎಂದು ನಾನು ಹಿಗ್ಗಿದೆ. ಮಾವ ವಿಚಲಿತರಾಗಲಿಲ್ಲ. ಅವನನ್ನು ಕರೆದುಕೊಂಡು ಅಣೆಕಟ್ಟಿನ ಕೆಳಗಿನ ಬಯಲಿಗೆ ಹೋದರು. “ಈಗ ನಾನು ನಿಮ್ಮೊಲದ ಬದು ಒತ್ತಿವ್ನಿ. ಬಯ್ಯಿ” ಎಂದರು. ಮೊದಲು ನಾಚಿದ. ಮಾವ ಅವನ ತಾತನಿಂದ ಶುರುಮಾಡಿ ಬೈದರು. ಆಮೇಲೆ ಅವನಿಗೂ ಗಂಟಲು ನೆನಪಾಯಿತು ನೋಡಿ! ಅರ್ಧ ಗಂಟೆ ಇಬ್ಬರೂ ಇಲ್ಲದ ಬದುವಿಗೆ ಮೀಸೆ ತಿರುವಿ, ತೊಡೆ ತಟ್ಟಿ ಕೂಗಾಡಿದರು. ನೀರಾವರಿ ಇಲಾಖೆಯ ಇಬ್ಬರು ಓಡಿಬಂದು ಬಿಡಿಸಲು ನೋಡಿದರು. “ಸುಮ್ನಿರ್ರೀ, ಇನ್ನೂ ಬಾವಿ ವಿಷ್ಯಕ್ಕೇ ಬಂದಿಲ್ಲ!” ಎಂದು ಮಾವ ಅವರನ್ನೇ ಗದರಿದರು. ಹುಡುಗ ಕಣ್ಣೊರೆಸಿಕೊಂಡು, ಹಗುರಾಗಿ, ಪಿಸಪಿಸ ಲೋಕಕ್ಕೆ ಹಿಂದಿರುಗಿದ.

ಕೃಷ್ಣರಾಜನಗರದ ಕಡೆಯ ಹುಡುಗಿಯದು ಇನ್ನೊಂದು ಕಥೆ. ಮೈಸೂರಿನ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಎಂಬತ್ತೇಳು ದಿನ ಮುಗಿಸಿ ಊರಿಗೆ ಬಂದವಳನ್ನು ಅವಳವ್ವ ವಾಪಸು ಕಳಿಸಲಿಲ್ಲ. ನಾಟಿ ಕಾಲ, ಗದ್ದೆಗೆ ಆಳಿಲ್ಲ. ಮಾವ ಹೋಗಿ ಜಗಲಿಯ ಮೇಲೆ ಕೂತರು. ವಾದಿಸಿದರು. ಆ ತಾಯಿ ಜಗ್ಗಲಿಲ್ಲ. ಕೊನೆಗೆ ಮಾವ ಪ್ಯಾಂಟು ಮಡಚಿ, “ಅವಳ ಬದ್ಲು ನಾನೇ ನೆಡ್ತೀನಿ ಬುಡವ್ವ” ಎಂದು ಗದ್ದೆಗೆ ಇಳಿದೇಬಿಟ್ಟರು. ಹೊಗೆಸೊಪ್ಪಿನ ಒಣಹೊಲದಲ್ಲಿ ಬೆಳೆದ ಮನುಷ್ಯ. ಕೆಸರಿನಲ್ಲಿ ಕಾಲಿಟ್ಟು ಗೊತ್ತಿದ್ದರಲ್ಲವೇ? ಅವರು ನೆಟ್ಟ ಸಾಲು ಹಾವು ಹರಿದ ಹಾಗೆ ಹೋಯಿತಂತೆ. ನಾಟಿ ಹೆಂಗಸರು ಪದ ಹೇಳುವುದನ್ನು ಬಿಟ್ಟು ನಕ್ಕರಂತೆ. ಮಧ್ಯಾಹ್ನದ ಹೊತ್ತಿಗೆ ಆ ತಾಯಿ ಮಗಳ ಬ್ಯಾಗನ್ನು ತಾನೇ ತಂದು ಬದುವಿನ ಮೇಲಿಟ್ಟರು. “ಕರ್ಕೊಂಡು ಹೋಗಪ್ಪ ಸ್ವಾಮಿ. ನೀನು ಸಂಜೆಗಂಟ ನೆಟ್ರೆ ನಮ್ಗೆ ಈ ವರ್ಷ ಕುಯ್ಲೇ ಇಲ್ಲ!”

ಇಷ್ಟೆಲ್ಲ ಮಾಡುವ ಮನುಷ್ಯನ ಬಗ್ಗೆ ಯಾರಿಗಾದರೂ ಅನುಮಾನ ಬರುತ್ತದೆಯೇ? ನನಗೆ ಬಂತು. ವಿಷಯದ ವಿರುದ್ಧ ಮಾತಾಡಿ ಅಭ್ಯಾಸವಾದವರ ಹಣೆಬರಹವೇ ಅಷ್ಟು. ಕೊನೆಯ ವರ್ಷದ ಪರೀಕ್ಷೆ ಮುಗಿಸಿ ಕೂತಿದ್ದ ಒಂದು ಮಧ್ಯಾಹ್ನ ಕ್ಯಾಲೆಂಡರನ್ನು ಹಿಂದೆ ಮುಂದೆ ತಿರುವಿ ನೋಡಿದೆ. ಕೆಂಪು ಸುತ್ತಿನವರೆಗೆ ಒಬ್ಬೊಬ್ಬರ ಹೆಸರಿನ ಮುಂದೂ ಹೋಗಿಬಂದ ಗುರುತುಗಳೇ ಗುರುತುಗಳು. ಸುತ್ತಿನ ಆಚೆಗೆ ಒಂದೂ ಇಲ್ಲ.

“ಮಾವ, ತೊಂಬತ್ತೊಂದನೇ ದಿನ ಯಾರನ್ನಾದರೂ ನೋಡೋಕೆ ಹೋಗಿದೀರಾ?”

ಅವರು ಯೋಚಿಸಿದರು. “ಅಷ್ಟೊತ್ಗೆ ಹೊಸಬ್ರು ಸೇರಿರ್ತಾರಲ್ಲವ್ವ, ಅವ್ರನ್ನ ನೋಡ್ಬೇಕಲ್ಲ.”

“ಅಂದರೆ ಇಲ್ಲ. ಸಭಿಕರು ಗಮನಿಸಬೇಕು! ಕಮಿಷನ್ ಬಿಲ್ ಪಾಸಾದ ದಿನವೇ ಪ್ರೀತಿಯೂ ಮುಗಿಯುತ್ತೆ. ನಿಮ್ಮದು ಉಪ್ಸಾರಲ್ಲ ಮಾವ, ಬಂಡವಾಳ. ತೊಂಬತ್ತು ದಿನದ ಗ್ಯಾರಂಟಿ ಇರೋ ಪ್ರೀತಿ.”

ಎಂಥ ಮಾತು! ಸ್ಪರ್ಧೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಮಾವ ನಕ್ಕರು. “ಲಾಯರಮ್ಮ ಕಣೇ ನೀನು” ಎಂದರು. ಆಮೇಲೆ ಕಿಟಕಿಯಿಂದ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತ ಕೂತರು. ಮೇಜಿನ ಮೇಲಿನ ಅವರ ಟೀ ಕೆನೆಗಟ್ಟಿತು. ಗೆದ್ದ ಖುಷಿಯಲ್ಲಿ ನಾನು ಅದನ್ನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಜೂನ್ ತಿಂಗಳಲ್ಲಿ ಮಾವ ನನಗೂ ಕೆಲಸ ಹುಡುಕಿದರು. ಎಲ್ಲಿ ಅಂತೀರಿ? ಮೈಸೂರಿನ ಒಂದು ದೊಡ್ಡ ರಿಕ್ರೂಟ್‌ಮೆಂಟ್ ಕನ್ಸಲ್ಟೆನ್ಸಿಯಲ್ಲಿ! ಮಿಠಾಯಿ ಅಂಗಡಿಯವನು ಪಕ್ಕದ ಅಂಗಡಿಗೆ ಮಿಠಾಯಿ ಮಾರಿದಂತೆ. ಕಟ್ಟಳೆ ಅದೇ, ನಾನು ತೊಂಬತ್ತು ದಿನ ನಿಂತರೆ ಮಾವನಿಗೆ ಕಮಿಷನ್. ಬಸ್ ಹತ್ತಿಸುವಾಗ ನಾನೇ ಅಂದೆ, “ನನ್ನನ್ನು ನೋಡೋಕೆ ಕ್ಯಾರಿಯರ್ ಹೊತ್ತುಕೊಂಡು ಬರಬೇಡಿ. ನಾನೇನು ಅಳೋ ಕ್ಯಾಂಡಿಡೇಟ್ ಅಲ್ಲ.” ಅವರು ತಲೆಯಾಡಿಸಿದರು.

ಆ ಆಫೀಸಿಗೆ ಗಾಜಿನ ಬಾಗಿಲು, ಎಲ್ಲರ ಕಿವಿಗೂ ಹೆಡ್‌ಫೋನು. ಕೈಗೆ ಬರುವ ಸಂಬಳ ಹಾಸ್ಟೆಲ್ಲಿಗೂ ಬಸ್ಸಿಗೂ ಸರಿಹೋಗುತ್ತಿತ್ತು. ಬದುಕಬೇಕೆಂದಿದ್ದರೆ ಇನ್ಸೆಂಟಿವ್ ದುಡಿಯಬೇಕು. ದಿನಕ್ಕೆ ಅರವತ್ತು ಫೋನ್. ಯಾರಾದರೂ ಕೆಲಸಕ್ಕೆ ಸೇರಿದರೆ ಮೂಲೆಯಲ್ಲಿ ತೂಗುಹಾಕಿದ್ದ ಹಿತ್ತಾಳೆ ಗಂಟೆ ಬಾರಿಸಬೇಕು, ಎಲ್ಲರೂ ಎದ್ದುನಿಂತು ಚಪ್ಪಾಳೆ ಹೊಡೆಯಬೇಕು. ಸೇರಿದವನು ಹದಿನೈದು ದಿನಕ್ಕೆ ಬಿಟ್ಟುಹೋದರೆ? ‘ರಿಪ್ಲೇಸ್‌ಮೆಂಟ್’ ಕಳಿಸುವುದು, ಸುಟ್ಟುಹೋದ ಟ್ಯೂಬ್‌ಲೈಟ್ ಬದಲಿಸಿದ ಹಾಗೆ. ಹಾಗೆ ಬಿಟ್ಟುಹೋದವನೊಬ್ಬನಿಗೆ ನಾನು ಫೋನ್ ಮಾಡಿ, “ಅಲ್ಲಿ ಊಟ ಹೇಗಿತ್ತು?” ಎಂದು ಕೇಳಿಬಿಟ್ಟೆ. ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. “ನಾವು ಹೋಟೆಲ್ ನಡೆಸ್ತಿಲ್ಲಮ್ಮ” ಎಂದರು.

ಪ್ರೊಬೇಷನ್ನಿನಲ್ಲಿ ರಜೆಯಿಲ್ಲ. ಭಾನುವಾರವೂ ಮಧ್ಯಾಹ್ನದವರೆಗೆ ವಾಕ್-ಇನ್ ಇಂಟರ್‌ವ್ಯೂ. ಮಧ್ಯಾಹ್ನದ ಮೇಲೆ ಹಾಸ್ಟೆಲ್ಲಿನ ಗೇಟಿನ ಬಳಿ ಪೇಪರ್ ಓದುತ್ತ ಕೂರುತ್ತಿದ್ದೆ. ಗೇಟಿನ ಬಳಿಯೇ ಏಕೆ? ಅಲ್ಲಿ ಬೆಳಕು ಚೆನ್ನಾಗಿತ್ತು. ಹೀಗೆಂದು ನನಗೆ ನಾನೇ ವಾದ ಮಂಡಿಸಿಕೊಂಡೆ, ನನ್ನ ಪರವಾಗಿಯೇ ತೀರ್ಪನ್ನೂ ಕೊಟ್ಟುಕೊಂಡೆ. ಆದರೂ ರಸ್ತೆಯ ತಿರುವಿನಲ್ಲಿ ಯಾರ ಕೈಯಲ್ಲಾದರೂ ಸ್ಟೀಲು ಹೊಳೆದರೆ ಪೇಪರು ತಾನಾಗಿಯೇ ಕೆಳಗಿಳಿಯುತ್ತಿತ್ತು. ಹಾಲಿನ ಕ್ಯಾನು. ಇನ್ನೊಂದು ಭಾನುವಾರ, ಯಾರದೋ ಬಿಂದಿಗೆ.

ಅತ್ತೆ ವಾರಕ್ಕೊಮ್ಮೆ ಹಾಸ್ಟೆಲ್ಲಿಗೆ ಫೋನ್ ಮಾಡುತ್ತಿದ್ದರು. ಹಿಂದಿನಿಂದ ಮಾವನ ದನಿ ಕೇಳುತ್ತಿತ್ತು: “ಸಾರು ಎಂಗದೆ ಕೇಳು.” “ಚೆನ್ನಾಗಿದೆ ಅಂತ ಹೇಳಿ” ಎನ್ನುತ್ತಿದ್ದೆ. ಅವರಾಗಿ ಫೋನ್ ಹಿಡಿಯಲಿಲ್ಲ. ಕೊಡಿ ಎಂದು ನಾನೂ ಕೇಳಲಿಲ್ಲ.

ಐವತ್ತೆಂಟನೆಯ ದಿನ ರಾಜೀನಾಮೆ ಬರೆದೆ. ಹೌದು, ನಾನೂ ದಿನ ಎಣಿಸುತ್ತಿದ್ದೆ. ಮಾರನೆಯ ಬೆಳಿಗ್ಗೆ ಕೊಟ್ಟು, ಸಂಜೆಯ ಬಸ್ಸಿಗೆ ಹುಣಸೂರು ಎಂದುಕೊಂಡೆ. ಅಷ್ಟರಲ್ಲಿ ಅತ್ತೆಯ ಫೋನು. “ನಿಮ್ ಮಾವ ನೆನ್ನೆ ಮೈಸೂರ್ಗೇ ಬಂದಿದ್ರಲ್ಲೇ, ಗಾರ್ಮೆಂಟ್ಸ್ ಹುಡ್ಗೀರ್ನ ನೋಡಕ್ಕೆ. ನಿನ್ತಾವ ಬರ್ನಿಲ್ವಾ?”

ಬರಲಿಲ್ಲ. ಮೈಸೂರಿಗೆ ಬಂದು, ನಾಲ್ಕು ಡಬ್ಬಿಯನ್ನೂ ಬೇರೆಯವರಿಗೆ ಬಿಚ್ಚಿ ಬಡಿಸಿ, ನಾನಿದ್ದ ರಸ್ತೆಗೆ ಕಾಲಿಡದೆ ಹಿಂದಿರುಗಿದ್ದರು! ಗಾರ್ಮೆಂಟ್ಸಿನ ಆ ಹುಡುಗಿಯರ ಮೇಲೆ ನನಗೆ ಬಂದ ಹೊಟ್ಟೆಕಿಚ್ಚನ್ನು ಏನೆಂದು ಹೇಳಲಿ? ರಾಜೀನಾಮೆ ಹರಿದು ಹಾಕಿದೆ. ನಾನು ಬಿಟ್ಟರೆ ಅವರ ಕಮಿಷನ್ ಹೋಗುತ್ತದೆ, ಅಷ್ಟಾದ ಮೇಲೆ ಜಗಳಕ್ಕೆ ನನಗೆಲ್ಲಿ ಮುಖ? ನಿಂತು ತೋರಿಸಿ, ಎದುರಿಗೆ ಕೂತು ಕೇಳಬೇಕು: ಲೋಕಕ್ಕೆಲ್ಲ ತೊಂಬತ್ತು ದಿನ ಕೊಟ್ಟಿರಿ, ನನಗೆ ಒಂದನ್ನೂ ಕೊಡಲಿಲ್ಲವೇಕೆ? ವಾದವನ್ನು ಮೂರು ಅಂಶಗಳಲ್ಲಿ ಸಿದ್ಧಪಡಿಸಿದೆ. ಹಾಸಿಗೆಯಲ್ಲಿ ಮಲಗಿ ಅಭ್ಯಾಸವನ್ನೂ ಮಾಡಿದೆ. ಮೂರನೆಯ ಅಂಶಕ್ಕೆ ಬರುವಷ್ಟರಲ್ಲಿ ಪ್ರತಿಸಲವೂ ದನಿ ಕೆಡುತ್ತಿತ್ತು.

ತೊಂಬತ್ತನೆಯ ದಿನ ಬಂತು, ಹೋಯಿತು. ಮಾರನೆಯ ದಿನ ಊಟದ ಹೊತ್ತಿಗೆ ರಿಸೆಪ್ಷನ್ನಿನ ಹುಡುಗಿ ನನ್ನ ಮೇಜಿಗೆ ಬಂದಳು. “ಒಬ್ಬ ಕ್ಯಾಂಡಿಡೇಟ್ ಬಂದಿದ್ದಾರೆ. ಫಾರಂ ಕೊಟ್ಟೆ, ಹೀಗೆ ತುಂಬಿದ್ದಾರೆ ನೋಡು” ಎಂದು ಮುಂದಿಟ್ಟಳು. ಬಯಸುವ ಹುದ್ದೆ: ಸೋದರಮಾವ. ಅನುಭವ: ಇಪ್ಪತ್ತೊಂದು ವರ್ಷ. ನಿರೀಕ್ಷಿಸುವ ಸಂಬಳದ ಮುಂದೆ ಒಂದು ಗೀಟು.

ನನಗೆ ಆಗ ಇಪ್ಪತ್ತೊಂದು ವರ್ಷ.

ಗಾಜಿನ ಬಾಗಿಲ ಆಚೆ, ಮೆಟ್ಟಿಲ ಮೇಲೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ತೊಡೆಯ ಮೇಲೆ ಕ್ಯಾರಿಯರ್. ಮೂರೂ ಅಂಶಗಳನ್ನು ಹಿಡಿದುಕೊಂಡು ಹೋಗಿ ಅವರೆದುರು ನಿಂತೆ.

“ಯಾಕೆ ಬರಲಿಲ್ಲ?” ಇಷ್ಟೇ ಬಂತು ಬಾಯಿಗೆ.

ಮಾವ ಅಂಗಿಯ ಜೇಬು ತಟ್ಟಿದರು. “ನಿನ್ ಬಿಲ್ಲು ನೆನ್ನೆ ಪಾಸಾಯ್ತು ಕಣವ್ವ. ಇವತ್ತು ತೊಂಬತ್ತೊಂದನೇ ದಿನ, ಬಂದಿವ್ನಿ.” ಪಕ್ಕದ ಮೆಟ್ಟಿಲ ಧೂಳನ್ನು ಕರವಸ್ತ್ರದಿಂದ ಒರೆಸಿ ನನಗೆ ಜಾಗ ಮಾಡಿದರು. “ಈಗ ಮಾಡು ವಾದ.”

ಒಳಗೆ ಯಾರೋ ಕೆಲಸಕ್ಕೆ ಸೇರಿದರೆಂದು ಕಾಣುತ್ತದೆ, ಗಂಟೆ ಮೊಳಗಿತು, ಚಪ್ಪಾಳೆಯೂ ಬಿತ್ತು. ನಾನು ಕೂತೆ.

“ಸಾರು ಎಂಗದವ್ವ ಇಲ್ಲಿ?”

“ಚೆನ್ನಾಗಿಲ್ಲ ಮಾವ” ಎಂದೆ.

“ಗೊತ್ತು ಬುಡು” ಎಂದು ಅವರು ಕ್ಯಾರಿಯರಿನ ಕೊಂಡಿ ಬಿಚ್ಚಿದರು.